ಪಥ್ಯಕ್ಕೆ ಸಿಹಿಯ ಕೂಲಿ

ತೂಕ ಇಳಿಸಲು ಹೊರಟವರನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅವರ ಪಥ್ಯ ಕೆಡುವುದು ಎಷ್ಟೋ ಸಲ ಎಲ್ಲವೂ ನೆಟ್ಟಗೆ ನಡೆದ ದಿನವೇ. ವಾರವಿಡೀ ಅನ್ನ ಕಡಿಮೆ ಮಾಡಿ, ಬೆಳಿಗ್ಗೆ ಬೇಗ ಎದ್ದು ನಡೆದು, ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕಿಗೆ ನಗುತ್ತಲೇ ಕೈ ಅಡ್ಡ ಹಿಡಿದು, ಶನಿವಾರ ತೂಕದ ಯಂತ್ರದ ಮೇಲೆ ನಿಂತಾಗ ಅರ್ಧ ಕೆಜಿ ಇಳಿದಿರುತ್ತದೆ. ಅಂದು ಸಂಜೆ ಬೇಕರಿಯ ಗಾಜಿನ ಪೆಟ್ಟಿಗೆಯ ಮುಂದೆ ಮನಸ್ಸು ತನ್ನ ಬೇಡಿಕೆ ಇಡುತ್ತದೆ: ಇಷ್ಟೆಲ್ಲ ಮಾಡಿದ್ದೇನಲ್ಲ, ಒಂದು ಜಾಮೂನಿಗೂ ನಾನು ಲಾಯಕ್ಕಿಲ್ಲವೇ? ಬೇಸರದಲ್ಲಿ, ಒಂಟಿತನದಲ್ಲಿ ತಿನ್ನುವವರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಗೆದ್ದ ಖುಷಿಯಲ್ಲಿ ತಿನ್ನುವ ಈ ಬಗೆಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ನನಗಂತೂ ಇದೇ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಬೇಸರದಲ್ಲಿ ತಿಂದವರಿಗೆ ತಿಂದ ಮೇಲಾದರೂ ಎಲ್ಲೋ ಎಡವಿದೆವು ಅನ್ನಿಸುತ್ತದೆ. ಬಹುಮಾನವೆಂದು ತಿಂದವರಿಗೆ ಅದು ನ್ಯಾಯವಾಗಿಯೇ ತೋರುತ್ತದೆ.

ಸಿಹಿಯನ್ನು ಮುಟ್ಟಲೇಬಾರದು ಎಂಬ ವಾದ ನನ್ನದಲ್ಲ. ಹೋಳಿಗೆಯಿಲ್ಲದ ಯುಗಾದಿ, ಎಳ್ಳುಬೆಲ್ಲವಿಲ್ಲದ ಸಂಕ್ರಾಂತಿ ನನಗೂ ಬೇಡ. ‘ಚೆನ್ನಾಗಿ ನಡೆದುಕೊಂಡೆ’ ಎಂಬುದಕ್ಕೂ ‘ಆದ್ದರಿಂದ ಸಿಹಿ ಸಲ್ಲಬೇಕು’ ಎಂಬುದಕ್ಕೂ ನಡುವೆ ನಾವು ಹಾಕಿಕೊಂಡಿರುವ ಗಂಟಿನ ಬಗ್ಗೆ ಮಾತ್ರ ನನ್ನ ತಕರಾರು. ಸಿಹಿಯನ್ನು ಪಥ್ಯದ ಕೂಲಿ ಮಾಡಿಕೊಂಡರೆ ಪಥ್ಯವೂ ಕೆಡುತ್ತದೆ, ಸಿಹಿಯ ಸುಖವೂ ಕೆಡುತ್ತದೆ.

ಕೂಲಿಯ ಮಾತು ಬಂದಮೇಲೆ ಮೊದಲು ಲೆಕ್ಕವನ್ನೇ ನೋಡಿಬಿಡೋಣ. 70 ಕೆಜಿ ತೂಕದವರೊಬ್ಬರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 140 ಕ್ಯಾಲರಿ. ಮೈಸೂರು ಪಾಕನ್ನು ಮನೆಯಲ್ಲಿ ಮಾಡುವವರಿಗೆ ಅದರ ಅಳತೆ ಗೊತ್ತು: ಒಂದು ಲೋಟ ಕಡಲೆಹಿಟ್ಟಿಗೆ ಎರಡು ಲೋಟ ಸಕ್ಕರೆ, ಹೆಚ್ಚುಕಡಿಮೆ ಅಷ್ಟೇ ತುಪ್ಪ. ಸಕ್ಕರೆ ಗ್ರಾಮಿಗೆ 4 ಕ್ಯಾಲರಿ, ತುಪ್ಪ ಗ್ರಾಮಿಗೆ 9. ಹೀಗಾಗಿ 40 ಗ್ರಾಮಿನ ಒಂದೇ ಒಂದು ತುಂಡು 200 ಕ್ಯಾಲರಿ ದಾಟುತ್ತದೆ. ಬೆಳಗಿನ ನಡಿಗೆಗೆ ಸಂಜೆ ಒಂದು ತುಂಡು ಎಂದು ಒಪ್ಪಂದ ಮಾಡಿಕೊಂಡವರು ದಿನವೂ ಸಾಲದಲ್ಲೇ ಮಲಗುತ್ತಾರೆ. ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಒಂದು ತುಂಡಿನಿಂದ ಒಂದು ವಾರದ ಶ್ರಮ ಕೊಚ್ಚಿಹೋಗುವುದಿಲ್ಲ. ಹಾಗೆಂದು ಹೆದರಿಸುವವರು ಸುಳ್ಳು ಹೇಳುತ್ತಿದ್ದಾರೆ. ಅರ್ಧ ಕೆಜಿ ಕೊಬ್ಬು ಕರಗಲು ಮೂರೂವರೆ ಸಾವಿರಕ್ಕೂ ಹೆಚ್ಚು ಕ್ಯಾಲರಿಯ ಕೊರತೆ ಬೇಕು, ಅದರ ಮುಂದೆ 200 ದೊಡ್ಡ ಮೊತ್ತವಲ್ಲ. ಒಂದು ಸಲ ತಿಂದದ್ದು ಅಲ್ಲಿಗೆ ಮುಗಿಯುತ್ತದೆ. ಅದರ ಜೊತೆಗೆ ಬಂದ ‘ಗೆದ್ದರೆ ಸಿಹಿ’ ಎಂಬ ನಿಯಮ ಮುಗಿಯುವುದಿಲ್ಲ.

ಆ ನಿಯಮ ಕುಳಿತುಕೊಳ್ಳುವುದು ಈಗಾಗಲೇ ಸಕ್ಕರೆ ತುಂಬಿದ ದಿನಚರಿಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ದಿನದ ಒಟ್ಟು ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ. 10ರೊಳಗಿರಬೇಕು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ. ಈ ಲೆಕ್ಕಕ್ಕೆ ಬೆಲ್ಲವೂ ಸೇರುತ್ತದೆ, ಜೇನುತುಪ್ಪವೂ ಸೇರುತ್ತದೆ, ಹಿಂಡಿದ ಹಣ್ಣಿನ ರಸವೂ ಸೇರುತ್ತದೆ. ಕಚ್ಚಿ ತಿಂದ ಹಣ್ಣು ಸೇರುವುದಿಲ್ಲ. ಈಗ ನಮ್ಮ ಮನೆಗಳ ಕಾಫಿಯನ್ನು ನೋಡಿ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ 25ರಿಂದ 30 ಗ್ರಾಂ. ಅಂದರೆ ಸಿಹಿತಿಂಡಿಯ ಮಾತು ಬರುವ ಮೊದಲೇ ಕಾಫಿಯಲ್ಲೇ ಆ ಕೆಳಗಿನ ಮಿತಿ ಮುಗಿದಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ನಮ್ಮಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜು ಮಾಡಿತು. ಆ ಹೊಸ್ತಿಲಲ್ಲಿರುವವರಲ್ಲಿ ಎಷ್ಟೋ ಮಂದಿಗೆ ವೈದ್ಯರು ಮೊದಲು ಹೇಳುವ ಮಾತೇ ‘ಸ್ವಲ್ಪ ತೂಕ ಇಳಿಸಿ’. ಪ್ರತಿ ಗೆಲುವಿಗೂ ಸಕ್ಕರೆಯ ಬಹುಮಾನ ಎಂಬ ಪದ್ಧತಿ ಅವರ ಪಾಲಿಗೆ ಬರೀ ಸೌಂದರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬಹುಮಾನದ ನಿಯಮ ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದು ಸಾಕಷ್ಟು ಸ್ಪಷ್ಟವಾಗಿ ತಿಳಿದಿರುವ ವಿಷಯ. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಡುತ್ತ ಅವುಗಳ ಮಿದುಳಿನ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮೊದಲು ಪ್ರತಿ ಸಲವೂ ಒಂದು ದೀಪ ಉರಿಯುತ್ತದೆ ಎಂಬುದು ಕೋತಿಗೆ ಅಭ್ಯಾಸವಾದ ಮೇಲೆ ಚುರುಕು ದೀಪದ ಕಡೆಗೆ ಸರಿಯಿತು. ರಸ ಬಂದಾಗ ವಿಶೇಷವೇನೂ ಇಲ್ಲ. ದೀಪ ಉರಿದೂ ರಸ ಬಾರದಿದ್ದರೆ ಕೋಶಗಳ ಚಟುವಟಿಕೆ ಮಾಮೂಲಿಗಿಂತ ಕೆಳಕ್ಕೆ ಕುಸಿಯುತ್ತಿತ್ತು. ಶನಿವಾರದ ತೂಕ ಮತ್ತು ಸಂಜೆಯ ಜಾಮೂನನ್ನು ಈ ಜಾಗದಲ್ಲಿ ಇಟ್ಟು ನೋಡಿ. ಕೆಲವು ವಾರ ಹೀಗೆ ನಡೆದರೆ ತೂಕದ ಯಂತ್ರವೇ ಆ ದೀಪವಾಗುತ್ತದೆ. ಅದರ ಮೇಲೆ ಕಾಲಿಟ್ಟಾಗಲೇ ಬಾಯಲ್ಲಿ ನೀರೂರುತ್ತದೆ. ಯಾವುದೋ ಶನಿವಾರ ಜಾಮೂನು ಬೇಡವೆಂದು ತೀರ್ಮಾನಿಸಿದರೆ, ಯಾರೋ ನಮ್ಮ ಹಕ್ಕನ್ನು ಕಿತ್ತುಕೊಂಡಂತೆ ಮನಸ್ಸು ಇಳಿದುಹೋಗುತ್ತದೆ. ಆಸೆಯನ್ನು ತಣಿಸಲೆಂದು ತಂದ ಬಹುಮಾನ ಆಸೆಗೆ ಒಂದು ವೇಳಾಪಟ್ಟಿ ಹಾಕಿಕೊಟ್ಟಿರುತ್ತದೆ.

ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಇದಕ್ಕೆ ಇನ್ನೊಂದು ಮುಖ್ಯ ಅಂಶ ಸೇರಿಸಿದರು. ಬೇಕು ಅನ್ನಿಸುವುದೂ ರುಚಿಸುವುದೂ ಮಿದುಳಿನಲ್ಲಿ ಒಂದೇ ವ್ಯವಸ್ಥೆಯ ಕೆಲಸವಲ್ಲ. ರುಚಿಸುವುದು ಇದ್ದಲ್ಲೇ ಇದ್ದು ಬೇಕು ಅನ್ನಿಸುವುದು ಮಾತ್ರ ಬೆಳೆಯುತ್ತ ಹೋಗಬಹುದು ಎಂದು ಅವರೂ ಅವರ ಸಹೋದ್ಯೋಗಿಗಳೂ ತೋರಿಸಿದರು. ಬಹುಮಾನದ ಸಿಹಿ ತಿಂದವರು ತಮ್ಮನ್ನೇ ಕೇಳಿಕೊಳ್ಳಲಿ: ಮೂರನೆಯ ತುತ್ತಿನ ರುಚಿ ನೆನಪಿದೆಯೇ? ಅಂಗಡಿಯವರೆಗೆ ನಡೆಸಿಕೊಂಡು ಹೋದ ಆತುರ ನೆನಪಿರುತ್ತದೆ, ಡಬ್ಬಿ ತೆರೆದದ್ದು ನೆನಪಿರುತ್ತದೆ, ರುಚಿ ನೆನಪಿರುವುದಿಲ್ಲ. ಸಿಹಿಯ ಸುಖವೂ ಕೆಡುತ್ತದೆ ಎಂದು ನಾನು ಹೇಳಿದ್ದು ಈ ಕಾರಣಕ್ಕೆ.

ಗೆಲುವಿನ ಭಾವನೆಯೇ ಕೈಯನ್ನು ಸಿಹಿಯ ಕಡೆ ಚಾಚಿಸುತ್ತದೆ ಎಂಬುದನ್ನು ಪ್ರಯೋಗದಲ್ಲೂ ಕಂಡಿದ್ದಾರೆ. 2005ರಲ್ಲಿ ಸಂಶೋಧಕರಾದ ಆಯೆಲೆಟ್ ಫಿಶ್‌ಬಾಕ್ ಮತ್ತು ರವಿ ಧರ್ ಡಯಟ್ ಮಾಡುತ್ತಿದ್ದವರಿಗೆ ಒಂದು ಗೆರೆಯ ಮೇಲೆ, ತಮ್ಮ ಈಗಿನ ತೂಕ ಬಯಸುವ ತೂಕದಿಂದ ಎಷ್ಟು ದೂರವಿದೆ ಎಂದು ಗುರುತು ಹಾಕಲು ಹೇಳಿದರು. ಕೆಲವರಿಗೆ ಕೊಟ್ಟ ಗೆರೆಯ ಕೊನೆ 5 ಪೌಂಡು, ಉಳಿದವರದು 25 ಪೌಂಡು. ಕಳೆಯಬೇಕಾದ ತೂಕ ಅಷ್ಟೇ ಇದ್ದರೂ ದೊಡ್ಡ ಅಳತೆಯ ಗೆರೆಯ ಮೇಲೆ ಅದು ಚಿಕ್ಕದಾಗಿ ಕಾಣುತ್ತದೆ, ಗುರಿ ಹತ್ತಿರ ಬಂದಂತೆ ಅನ್ನಿಸುತ್ತದೆ. ಹೊರಡುವಾಗ ಸೇಬು ಬೇಕೋ ಚಾಕೊಲೇಟು ಬೇಕೋ ಎಂದು ಕೇಳಿದರೆ, ಗುರಿ ಹತ್ತಿರ ಕಂಡವರೇ ಹೆಚ್ಚಾಗಿ ಚಾಕೊಲೇಟು ಎತ್ತಿಕೊಂಡರು. ಅವರ ತೂಕದಲ್ಲಿ ಬದಲಾದದ್ದು ಏನೂ ಇಲ್ಲ. ಕಾಗದದ ಮೇಲಿನ ಒಂದು ಗೆರೆ ಅವರಿಗೆ ಪರವಾನಗಿ ಕೊಟ್ಟಿತ್ತು. ಹೆಜ್ಜೆ ಎಣಿಸುವ ಕೈಗಡಿಯಾರ ‘ಶಭಾಷ್’ ಎಂದು ಮಿನುಗಿದಾಗ ನಮಗೆ ಆಗುವುದೂ ಇದೇ.

ಈ ಪಾಠವನ್ನು ನಾವು ಕಲಿಯುವುದು ಎಳೆಯ ವಯಸ್ಸಿನಲ್ಲಿ. ಅಮೆರಿಕದ ಸಂಶೋಧಕಿ ಲೀಆನ್ ಬರ್ಚ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಡಿಯನ್ನು ಬಹುಮಾನವಾಗಿ ಪಡೆದ ಪುಟ್ಟ ಮಕ್ಕಳಿಗೆ ಅದೇ ತಿಂಡಿಯ ಮೇಲಿನ ಪ್ರೀತಿ ಹೆಚ್ಚಾದದ್ದು ಕಂಡುಬಂತು. ‘ಪಲ್ಯ ಮುಗಿಸು, ಆಮೇಲೆ ಚಾಕೊಲೇಟ್’ ಎನ್ನುವ ತಾಯಿ ಮಗುವಿಗೆ ಎರಡು ಸಂಗತಿ ಕಲಿಸುತ್ತಾಳೆ: ಪಲ್ಯ ಸಹಿಸಿಕೊಳ್ಳಬೇಕಾದ ಕಷ್ಟ, ಚಾಕೊಲೇಟು ಆ ಕಷ್ಟದ ಬೆಲೆ. ಆ ಮಗುವೇ ನಲವತ್ತರ ವಯಸ್ಸಿನಲ್ಲಿ ಬಟ್ಟಲು ತುಂಬ ಸೊಪ್ಪಿನ ಪಲ್ಯ ತಿಂದು ಫ್ರಿಜ್ಜಿನ ಬಾಗಿಲು ತೆಗೆಯುತ್ತದೆ. ಶಾಲೆಗಳಲ್ಲಿ ಮಕ್ಕಳಿಗೆ ಸಕ್ಕರೆಯ ಪ್ರಮಾಣ ತಿಳಿಸುವ ಫಲಕ ಹಾಕುವಂತೆ ಸಿಬಿಎಸ್‌ಇ 2025ರಲ್ಲಿ ಸೂಚಿಸಿತು. ಒಳ್ಳೆಯ ಹೆಜ್ಜೆ. ಆದರೆ ಫಲಕದ ಕೆಳಗೇ ಸರಿಯುತ್ತರಕ್ಕೆ ಚಾಕೊಲೇಟ್ ಕೊಡುವ ಟೀಚರ್ ನಿಂತಿದ್ದರೆ ಮಗು ಯಾರ ಮಾತು ನಂಬುತ್ತದೆ?

ನಮ್ಮಲ್ಲಿ ಒಳ್ಳೆಯದಾದಾಗ ಬಾಯಿ ಸಿಹಿ ಮಾಡುವುದು ತಲೆತಲಾಂತರದ ಪದ್ಧತಿಯಲ್ಲವೇ, ಇದರಲ್ಲಿ ಹೊಸದೇನು ಎಂದು ಕೇಳುವವರಿದ್ದಾರೆ. ಆ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಧಾರವಾಡದ ಒಂದು ಓಣಿಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ. ಹುಡುಗ ಪಾಸಾಗಿದ್ದಾನೆ. ತಂದೆ ಪೇಢೆಯ ಪೆಟ್ಟಿಗೆ ತಂದು ಮೊದಲು ದೇವರ ಮುಂದೆ ಇಡುತ್ತಾರೆ. ಅಜ್ಜಿಗೆ ನಮಸ್ಕಾರ ಮಾಡಿಸಿ ಆಕೆಯ ಕೈಗೆ ಒಂದು. ಆಮೇಲೆ ಹುಡುಗ ಪೆಟ್ಟಿಗೆ ಹಿಡಿದು ಹೊರಡುತ್ತಾನೆ. ಎದುರು ಮನೆ, ಪಕ್ಕದ ಮನೆ, ಮೂಲೆಯ ಕಿರಾಣಿ ಅಂಗಡಿ, ಪಾಠ ಹೇಳಿಕೊಟ್ಟ ಮಾಸ್ತರರ ಮನೆ. “ಪಾಸಾಗೇನ್ರಿ ಅಜ್ಜಾರ, ಪೇಢೆ ತಗೋರಿ” ಎಂದಾಗ ಆ ಹಿರಿಯರು ಪೇಢೆಯನ್ನು ಅರ್ಧ ಮುರಿದು, “ಭಾಳ ಛಲೋ ಆತು ತಮ್ಮಾ, ಮುಂದೂ ಹಿಂಗ ಓದು” ಎಂದು ಉಳಿದರ್ಧವನ್ನು ಹುಡುಗನ ಬಾಯಿಗೇ ಇಡುತ್ತಾರೆ. ಅಂಗೈಯಲ್ಲಿ ಪೇಢೆಗೆ ಹಚ್ಚಿದ ಸಕ್ಕರೆಯ ಪುಡಿ ಅಂಟಿಕೊಂಡಿರುತ್ತದೆ. ಸಂಜೆಗೆ ಪೆಟ್ಟಿಗೆ ಖಾಲಿ.

ಇಲ್ಲಿ ಗೆದ್ದವನ ಕೈ ಕೊಡುವ ಕೈಯಾಗಿದೆ. ಸಿಹಿ ಅವನ ಕಡೆಯಿಂದ ಹೊರಗೆ ಹೋಗುತ್ತದೆ. ಅವನ ಬಾಯಿಗೆ ಬಂದದ್ದೂ ಬೇರೆಯವರ ಕೈಯಿಂದ, ಪ್ರೀತಿಯಿಂದ, ಅರ್ಧ. ‘ನನಗೆ ಇಷ್ಟು ಸಲ್ಲಬೇಕು’ ಎಂಬ ಲೆಕ್ಕ ಆ ಓಣಿಯಲ್ಲಿ ಎಲ್ಲೂ ಇಲ್ಲ. ಹಂಚುವುದರಿಂದ ಪಾಲು ತಾನಾಗಿ ಚಿಕ್ಕದಾಗುತ್ತದೆ. ಅರ್ಧ ಕೆಜಿ ಪೇಢೆ ಒಂದು ಓಣಿಗೆ ಹಂಚಿದರೆ ಯಾರ ಆರೋಗ್ಯವೂ ಕೆಡುವುದಿಲ್ಲ. ಅದೇ ಪೆಟ್ಟಿಗೆ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಆ್ಯಪಿನಲ್ಲಿ ತರಿಸಿಕೊಂಡು ಒಬ್ಬರೇ ಕುಳಿತು ತೆರೆದರೆ, ಹೊರಗಿನಿಂದ ಪೇಢೆ ಒಂದೇ ಆದರೂ ನಡೆಯುತ್ತಿರುವುದು ಬೇರೆಯೇ ಸಂಗತಿ. ಈ ವ್ಯತ್ಯಾಸವನ್ನು ನಮಗಿಂತ ಮೊದಲು ವ್ಯಾಪಾರಿಗಳು ಗುರುತಿಸಿದರು. ಪರೀಕ್ಷೆ ಪಾಸಾದ ಸಂಭ್ರಮ, ಮೊದಲ ಸಂಬಳ, ಹಬ್ಬ, ಇವೆಲ್ಲ ಒಂದು ಕಾಲದಲ್ಲಿ ಪೇಢೆ, ಲಾಡುಗಳ ಜಾಗ. ಈ ಶತಮಾನದ ಮೊದಲ ದಶಕದಲ್ಲಿ ಕ್ಯಾಡ್‌ಬರಿ ಕಂಪನಿಯ ಜಾಹೀರಾತುಗಳು ಆ ಜಾಗಕ್ಕೆ ಚಾಕೊಲೇಟನ್ನು ತಂದು ಕೂರಿಸಿದವು. ಅಲ್ಲಿಂದ ‘ನಿನಗೆ ನೀನೇ ಕೊಟ್ಟುಕೋ’ ಎಂಬ ಜಾಹೀರಾತಿನ ಭಾಷೆಗೆ ಬಹಳ ದೂರವಿರಲಿಲ್ಲ.

ಇದರ ಜೊತೆಗೆ ಸಕ್ಕರೆ ಅಗ್ಗವಾದ ಕಥೆಯೂ ಇದೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಇವತ್ತು ಬೆಳಗಾವಿ, ಬಾಗಲಕೋಟೆ, ಮಂಡ್ಯಗಳ ಕಬ್ಬಿನಿಂದಾಗಿ ಕರ್ನಾಟಕ ದೇಶದ ಮುಖ್ಯ ಸಕ್ಕರೆ ರಾಜ್ಯಗಳಲ್ಲಿ ಒಂದು. ಆದರೂ ಒಂದೆರಡು ತಲೆಮಾರಿನ ಹಿಂದಿನವರೆಗೆ ರೇಷನ್ ಕಾರ್ಡಿನ ಸಕ್ಕರೆಯನ್ನು ಹಬ್ಬಕ್ಕೆಂದು ತೆಗೆದಿಡುವ ಮನೆಗಳಿದ್ದವು. ಪಂಚಮಿಗೆ ಉಂಡಿ, ಚೌತಿಗೆ ಕಡುಬು, ಯುಗಾದಿಗೆ ಹೋಳಿಗೆ: ಸಿಹಿ ಯಾವಾಗ ಎಂಬುದನ್ನು ಪಂಚಾಂಗ ತೀರ್ಮಾನಿಸುತ್ತಿತ್ತು, ಎಷ್ಟು ಎಂಬುದನ್ನು ಡಬ್ಬಿಯಲ್ಲಿದ್ದ ಸಕ್ಕರೆ ತೀರ್ಮಾನಿಸುತ್ತಿತ್ತು. ಆ ಕೊರತೆಯನ್ನು ನಾನು ಹೊಗಳುತ್ತಿಲ್ಲ. ಹಬ್ಬದ ದಿನವೂ ಹೋಳಿಗೆ ಕಾಣದ ಮನೆಗಳು ಊರೂರಲ್ಲಿದ್ದವು, ಅದು ಯಾರೂ ಮೆಚ್ಚಬೇಕಾದ ಸಂಯಮವಲ್ಲ. ನನಗೆ ಮುಖ್ಯವಾಗಿ ಕಾಣುವುದು ಇಷ್ಟೇ: ಆ ವ್ಯವಸ್ಥೆಯಲ್ಲಿ ಸಿಹಿಗೆ ಅರ್ಹತೆಯ ಪ್ರಶ್ನೆ ಇರಲಿಲ್ಲ. ವರ್ಷವಿಡೀ ಸೋಮಾರಿಯಾಗಿದ್ದವನ ಎಲೆಗೂ ಯುಗಾದಿಯಂದು ಹೋಳಿಗೆ ಬೀಳುತ್ತಿತ್ತು.

ಉಪವಾಸದ ಸಂಪ್ರದಾಯಗಳಿಗೂ ಈ ತಿಳಿವಳಿಕೆ ಇತ್ತು ಎಂದು ನನ್ನ ನಂಬಿಕೆ. ಏಕಾದಶಿ ಮುಗಿಸಿದವರು ದ್ವಾದಶಿಯ ಪಾರಣೆಯನ್ನು ಪಂಚಾಂಗ ಹೇಳಿದ ಹೊತ್ತಿಗೆ ಮಾಡುತ್ತಾರೆ. ರೋಜಾ ಇರುವವರು ಸೂರ್ಯಾಸ್ತಕ್ಕೆ ಖರ್ಜೂರ, ನೀರಿನಿಂದ ಬಿಡುತ್ತಾರೆ. ಎಷ್ಟು ಶ್ರದ್ಧೆಯಿಂದ ಉಪವಾಸ ಮಾಡಿದೆ ಎಂಬುದರ ಮೇಲೆ ತಟ್ಟೆಯ ಗಾತ್ರ ನಿಂತಿಲ್ಲ. ಫಲಾಹಾರದ ಹೆಸರಿನಲ್ಲಿ ಊಟಕ್ಕಿಂತ ಭಾರವಾದ ಸಾಬಕ್ಕಿ, ಅವಲಕ್ಕಿ, ಕರಿದ ತಿಂಡಿಗಳು ಬಂದದ್ದೂ, ಇಫ್ತಾರಿನ ಮೇಜು ಉದ್ದವಾದದ್ದೂ ನಿಜ. ಎರಡನ್ನೂ ಆಯಾ ಧರ್ಮದ ಹಿರಿಯರೇ ಆಕ್ಷೇಪಿಸುತ್ತಾರೆ. ‘ಇಷ್ಟು ಹೊತ್ತು ಬಿಟ್ಟಿದ್ದೆನಲ್ಲ’ ಎಂಬ ಲೆಕ್ಕ ಎಲ್ಲಿ ನುಸುಳಿದರೂ ಮಾಡುವ ಕೆಲಸ ಒಂದೇ.

ಆದರೆ ಆ ಲೆಕ್ಕವನ್ನು ಬರೀ ದುರಾಸೆ ಎಂದು ತಳ್ಳಿಹಾಕುವುದು ತಪ್ಪು. ಬಹುಮಾನ ಕೇಳುವ ಮನಸ್ಸು ಅನೇಕ ಸಲ ನಿಜವಾದ ಬಾಕಿಯನ್ನೇ ಕೇಳುತ್ತಿರುತ್ತದೆ. ಆ ಬಾಕಿಯನ್ನು ಸಕ್ಕರೆಯಲ್ಲಿ ತೀರಿಸಲಾಗದು ಎಂಬುದೇ ಕಷ್ಟ.

ಮೊದಲ ಬಾಕಿ ಊಟದ್ದು. 1944–45ರಲ್ಲಿ ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ಯುದ್ಧದಲ್ಲಿ ಕೊಲ್ಲಲು ಒಪ್ಪದೆ ಈ ಕಷ್ಟಕ್ಕೆ ತಾವಾಗಿ ಮುಂದೆ ಬಂದವರು ಅವರು. ಮನೋಬಲಕ್ಕೆ ಕೊರತೆಯಿಲ್ಲದ ಜನ. ಅವರ ತೂಕ ಕಾಲುಭಾಗದಷ್ಟು ಇಳಿಯಿತು, ಅದರ ಜೊತೆಗೆ ಊಟವೊಂದೇ ಅವರ ಮಾತು, ಕನಸು, ಧ್ಯಾನವಾಯಿತು. ಎಂದೂ ಒಲೆಯ ಹತ್ತಿರ ಹೋಗದವರು ಅಡುಗೆ ಪುಸ್ತಕ ಓದತೊಡಗಿದರು. ಬೆಳಿಗ್ಗೆ ಬರೀ ಹಣ್ಣು, ಮಧ್ಯಾಹ್ನ ಬರೀ ಸೂಪು ಎಂದು ಹೊರಟವರಿಗೆ ಸಂಜೆ ಆರಕ್ಕೆ ಜಿಲೇಬಿ ಬೇಕೇಬೇಕು ಅನ್ನಿಸಿದರೆ ಅದಕ್ಕೆ ಬಹುಮಾನದ ಆಸೆ ಎಂದು ಹೆಸರಿಡುವುದು ಸರಿಯಲ್ಲ. ಅದು ಹಸಿವು. ಅದಕ್ಕೆ ಬೇಕಾದದ್ದು ಮಧ್ಯಾಹ್ನವೇ ಒಂದು ಮುದ್ದೆ, ಹುರುಳಿಕಾಳಿನ ಸಾರು ಅಥವಾ ಮೊಟ್ಟೆ, ಒಂದು ಬಟ್ಟಲು ಮೊಸರು. ಹಾಗೆಯೇ ಪಥ್ಯದ ಊಟ ರುಚಿಯಾಗಿರಬೇಕು. ಉಪ್ಪು ಹುಳಿ ಇಲ್ಲದ ಬೇಯಿಸಿದ ತರಕಾರಿಯನ್ನು ಕಷ್ಟಪಟ್ಟು ನುಂಗಿದವರು ಪರಿಹಾರ ಕೇಳುವುದು ಸಹಜ. ಒಗ್ಗರಣೆ ಬಿದ್ದ ಹೆಸರುಬೇಳೆ ಕೋಸಂಬರಿ, ನಿಂಬೆಹುಳಿ ಹಿಂಡಿದ ಸೊಪ್ಪಿನ ಪಲ್ಯ, ಬಿಸಿಬಿಸಿ ಮೆಣಸಿನ ಸಾರು, ಇವುಗಳನ್ನು ಆಸೆಯಿಂದ ಉಂಡವರಿಗೆ ಯಾರೂ ಏನನ್ನೂ ಬಾಕಿ ಉಳಿಸಿಕೊಂಡಿರುವುದಿಲ್ಲ.

ಎರಡನೆಯ ಬಾಕಿಯ ಬಗ್ಗೆ ನಾನು ಹೆಚ್ಚು ಹೇಳಬೇಕು. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಯಾವುದೇ ಊರಿನ ಯಾವುದೇ ಮನೆಯ ಅಡುಗೆಮನೆಯನ್ನು ನೆನೆಸಿಕೊಳ್ಳಿ. ಕುಕ್ಕರು ತೊಳೆದಾಗಿದೆ, ಒಲೆ ಒರೆಸಿದಾಗಿದೆ, ಅತ್ತೆಗೆ ಮಾತ್ರೆ ಕೊಟ್ಟಾಗಿದೆ, ಮಗನ ಡಬ್ಬಿ ಇನ್ನೂ ಶಾಲೆಯಿಂದ ವಾಪಸ್ಸು ಬಂದಿಲ್ಲ. ಆಕೆಗೆ ವೈದ್ಯರು ತೂಕ ಇಳಿಸಲು ಹೇಳಿ ತಿಂಗಳುಗಳಾಗಿವೆ. ಅನ್ನ ಬಿಟ್ಟಿದ್ದಾಳೆ, ಚಪಾತಿ ಎರಡಕ್ಕೆ ಇಳಿಸಿದ್ದಾಳೆ. ಉಳಿದವರಿಗೆಲ್ಲ ಬೇರೆ, ತನಗೆ ಬೇರೆ ಎಂದು ಎರಡು ಬಗೆ ಅಡುಗೆ ಮಾಡಿದ್ದಾಳೆ. ಆ ಹೊತ್ತಿನಲ್ಲಿ ಆಕೆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ ಒಂದು ರವೆ ಉಂಡೆ ತಿನ್ನುತ್ತಾಳೆ. ಮೊದಲನೆಯದು ಹೋದದ್ದೇ ತಿಳಿಯದೆ ಎರಡನೆಯದು. ಇಡೀ ದಿನದಲ್ಲಿ ಆಕೆ ತನಗೆಂದು ಮಾಡಿಕೊಂಡ ಕೆಲಸ ಅದೊಂದೇ. ಮನೆಯವರು ಎರಡು ಉಂಡೆ ಕಡಿಮೆಯಾದದ್ದನ್ನು ಗಮನಿಸಿ ‘ನಿನಗೆ ಬಾಯಿ ಕಟ್ಟೋಕೆ ಆಗಲ್ಲ’ ಅನ್ನುತ್ತಾರೆ. ಎರಡು ಬಗೆ ಅಡುಗೆಯಾದದ್ದನ್ನು ಗಮನಿಸಿರುವುದಿಲ್ಲ.

ಆಕೆಗೆ ಸಂಯಮದ ಉಪದೇಶ ಮಾಡುವುದು ಅನ್ಯಾಯ. ಆಕೆಗೆ ಸಲ್ಲಬೇಕಾದದ್ದು ನಿಜಕ್ಕೂ ಇದೆ: ಅರ್ಧ ಗಂಟೆ ಕಾಲು ಚಾಚಿ ಕುಳಿತುಕೊಳ್ಳುವ ಬಿಡುವು, ಸಂಜೆಯ ಕಾಫಿಯನ್ನು ಬೇರೆ ಯಾರಾದರೂ ಮಾಡುವುದು, ‘ನೀನು ಊಟ ಮಾಡಿದೆಯಾ’ ಎಂಬ ಒಂದು ಪ್ರಶ್ನೆ. ಇವು ಸಿಗದ ಕಡೆ ಉಂಡೆ ಆ ಜಾಗ ತುಂಬುತ್ತದೆ, ಅದೂ ಹತ್ತು ನಿಮಿಷದ ಮಟ್ಟಿಗೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದು ಬಂದು ರಾತ್ರಿ ಐಸ್‌ಕ್ರೀಮ್ ತರಿಸುವ ಯುವಕನಿಗೂ ಬಾಕಿಯಿರುವುದು ನಿದ್ದೆ, ಮಾತಾಡಲು ಒಬ್ಬ ಗೆಳೆಯ. ಇಲ್ಲೇ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಕಟ್ಟಡದ ಕೆಲಸದವರು ಸಿಹಿ ಚಹಾದಲ್ಲಿ ಬನ್ನು ಅದ್ದಿ ತಿನ್ನುವುದನ್ನು ಈ ಚರ್ಚೆಗೆ ಎಳೆದುತರುವುದು ಸಲ್ಲದು. ಕಡಿಮೆ ದುಡ್ಡಿಗೆ ಕೈಗೆ ಸಿಗುವ ಶಕ್ತಿ ಅವರಿಗೆ ಅದು. ನನ್ನ ಮಾತು ಊಟ ಆರಿಸಿಕೊಳ್ಳುವ ಅನುಕೂಲ ಇದ್ದವರನ್ನು ಕುರಿತದ್ದು.

ಈಗ ಎದುರು ವಾದ. ವಾರಕ್ಕೊಂದು ‘ಚೀಟ್ ಡೇ’, ಅಂದರೆ ಬೇಕಾದ್ದು ತಿನ್ನುವ ದಿನ, ಇಲ್ಲದೆ ಯಾರೂ ಬಹಳ ದಿನ ಡಯಟ್ ಮಾಡಲಾರರು, ಪೂರ್ತಿ ಬಿಟ್ಟವರೇ ಒಂದು ದಿನ ಕಟ್ಟೆಯೊಡೆದು ತಿನ್ನುತ್ತಾರೆ ಎನ್ನುತ್ತಾರೆ ತರಬೇತುದಾರರು. ಇದರಲ್ಲಿ ಸತ್ಯವಿದೆ. 1975ರಲ್ಲಿ ಸಂಶೋಧಕರಾದ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಪ್ರಕಟಿಸಿದ ಪ್ರಯೋಗದಲ್ಲಿ ಒಂದಷ್ಟು ಜನರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮಿನ ರುಚಿ ನೋಡಲು ಹೇಳಿದರು. ಮಾಮೂಲಾಗಿ ಉಣ್ಣುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಹೆಚ್ಚು ತಿಂದರು. ಹೇಗೂ ಕೆಟ್ಟಿತು, ಇನ್ನೇನು ಎಂಬ ಮನಸ್ಥಿತಿ ಅದು. ಆದ್ದರಿಂದ ಕಟ್ಟುನಿಟ್ಟಿನ ನಿಷೇಧ ಅಪಾಯಕಾರಿ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದರಿಂದ ಬಹುಮಾನ ಬೇಕೆಂಬ ತೀರ್ಮಾನ ಹೊರಡುವುದಿಲ್ಲ, ಅಷ್ಟೇ. ನಿಷೇಧವೂ ಬಹುಮಾನವೂ ಸಿಹಿಯನ್ನು ಒಂದೇ ಎತ್ತರದ ಪೀಠದ ಮೇಲೆ ಕೂರಿಸುತ್ತವೆ. ‘ಚೀಟ್’ ಅಂದಕೂಡಲೇ ಮಿಕ್ಕ ಆರು ದಿನ ಸೆರೆವಾಸ ಎಂದಾಯಿತು, ಏಳನೆಯ ದಿನ ಬಿಡುಗಡೆ. ಬಿಡುಗಡೆಯ ದಿನ ಯಾರೂ ಅಳತೆ ಮಾಡಿ ತಿನ್ನುವುದಿಲ್ಲ.

ಮೂರನೆಯ ದಾರಿಯೊಂದಿದೆ. ಭಾನುವಾರ ಮನೆಯವರೆಲ್ಲ ಕೂತು ಉಣ್ಣುವಾಗ ಒಂದು ಚಿಕ್ಕ ಬಟ್ಟಲು ಪಾಯಸ ಎಂದು ತೀರ್ಮಾನಿಸಿಕೊಳ್ಳಿ. ತೂಕ ಇಳಿದ ವಾರವೂ ಅದು ಉಂಟು, ತೂಕ ಏರಿದ ವಾರವೂ ಉಂಟು. ಚೆನ್ನಾಗಿ ನಡೆದ ವಾರಕ್ಕೆ ಒಂದು ಚಮಚ ಹೆಚ್ಚಿಲ್ಲ, ಎಡವಿದ ವಾರಕ್ಕೆ ಕಡಿತವಿಲ್ಲ. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ನನ್ನ ವಾದದ ಜೀವ ಇದರಲ್ಲೇ ಇದೆ. ಎಡವಿದ ವಾರವೂ ಪಾಯಸ ಸಿಗುತ್ತದೆ ಎಂದಾದರೆ ಅದು ಸಂಬಳವಾಗಿ ಉಳಿಯುವುದಿಲ್ಲ. ಸಂಬಳವಾಗದಿದ್ದರೆ ಅದಕ್ಕಾಗಿ ಚೌಕಾಸಿಯೂ ಇಲ್ಲ. ಸಕ್ಕರೆ ಕಾಯಿಲೆ ಇರುವವರು ಬಟ್ಟಲಿನ ಗಾತ್ರವನ್ನು ತಮ್ಮ ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ಆ ನಿಯಮವೂ ತೂಕದ ಯಂತ್ರ ಏನು ತೋರಿಸಿತು ಎಂಬುದರ ಮೇಲೆ ನಿಲ್ಲಬೇಕಿಲ್ಲ.

ಹಾಗಿದ್ದರೂ ಆಸೆ ಬರುತ್ತದೆ. ಬಂದಾಗ ಎದುರು ನಿಂತು ಗುದ್ದಾಡಬೇಕೆಂದು ನಮ್ಮ ಕಲ್ಪನೆ. ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ ನಡೆಸಿದ ಪ್ರಸಿದ್ಧ ಪ್ರಯೋಗಗಳನ್ನು, ಮಗುವಿನ ಮುಂದೆ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಇಟ್ಟು ಕಾದರೆ ಎರಡು ಕೊಡುತ್ತೇನೆಂದು ಹೇಳಿದ್ದನ್ನು, ಮನೋಬಲದ ಕಥೆಯಾಗಿ ಎಲ್ಲ ಕಡೆ ಹೇಳುತ್ತಾರೆ. ಕಾದು ಗೆದ್ದ ಮಕ್ಕಳು ಮಾಡಿದ್ದೇನು ಎಂಬುದನ್ನು ಹೇಳುವುದು ಕಡಿಮೆ. ಅವರು ಕಣ್ಣು ಮುಚ್ಚಿಕೊಂಡರು, ಬೆನ್ನು ತಿರುಗಿಸಿದರು, ತಮ್ಮಷ್ಟಕ್ಕೆ ಹಾಡಿಕೊಂಡರು. ಮಿಠಾಯಿಯನ್ನೇ ದಿಟ್ಟಿಸಿದವರು ಬೇಗ ಸೋತರು. ಆ ಮಕ್ಕಳ ಮುಂದಿನ ಬದುಕನ್ನು ಈ ಪರೀಕ್ಷೆ ಹೇಳುತ್ತದೆ ಎಂಬ ನಂಬಿಕೆ 2018ರಲ್ಲಿ ದೊಡ್ಡ ಸಂಖ್ಯೆಯ ಮಕ್ಕಳ ಮೇಲೆ ನಡೆದ ಅಧ್ಯಯನದ ಮುಂದೆ ಬಹಳ ಸಡಿಲವಾಯಿತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದಾಗ ಪರಿಣಾಮ ಸಣ್ಣದಾಗಿತ್ತು. ಬೆನ್ನು ತಿರುಗಿಸಿದರೆ ಕಾಯುವುದು ಸುಲಭ ಎಂಬ ಭಾಗ ಮಾತ್ರ ನಮ್ಮ ನಿತ್ಯದ ಅನುಭವಕ್ಕೂ ಹೊಂದುತ್ತದೆ. ಸಂಜೆ ಬೇಕರಿ ಇಲ್ಲದ ಬೀದಿಯಲ್ಲಿ ಮನೆಗೆ ಬರುವುದು, ಮೊಮ್ಮಕ್ಕಳ ಬಿಸ್ಕತ್ತಿನ ಡಬ್ಬಿಯನ್ನು ಕಣ್ಣಳತೆಯಿಂದ ಅಟ್ಟಕ್ಕೆ ಏರಿಸುವುದು, ಆ್ಯಪನ್ನು ಮೊಬೈಲಿನಿಂದ ತೆಗೆಯುವುದು ಹೇಡಿತನವಲ್ಲ. ಆಸೆ ಹಾಲು ಉಕ್ಕುವಂತೆ ಏರುತ್ತದೆ. ಉರಿ ತಗ್ಗಿಸಿದರೆ ತಾನಾಗಿ ಇಳಿಯುತ್ತದೆ. ಎದ್ದು ಒಂದು ಲೋಟ ಮಜ್ಜಿಗೆ ಕುಡಿದು ಯಾರಿಗಾದರೂ ಫೋನ್ ಮಾಡುವಷ್ಟರಲ್ಲಿ ಅದರ ಜೋರು ಎಷ್ಟೋ ಕಡಿಮೆಯಾಗಿರುತ್ತದೆ.

ಸಕ್ಕರೆಯ ಬದಲು ಬೆಲ್ಲ, ಬೆಲ್ಲದ ಬದಲು ಖರ್ಜೂರದ ಉಂಡೆ, ಅದರ ಬದಲು ‘ಶುಗರ್ ಫ್ರೀ’ ಬರ್ಫಿ ಎಂದು ಹುಡುಕುವವರಿಗೆ ಒಂದು ಮಾತು. ಬೆಲ್ಲದಲ್ಲೂ ಇರುವುದು ಬಹುಪಾಲು ಅದೇ ಸಕ್ಕರೆ. ತೂಕ ಹಿಡಿತದಲ್ಲಿಡಲು ಕೃತಕ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಕೂಲಿ ಬೇಕೆಂಬ ನಿಯಮ ಹಾಗೇ ಇದ್ದರೆ ಯಾವ ನಾಣ್ಯದಲ್ಲಿ ಕೊಟ್ಟರೂ ಅದು ಮುಂದುವರಿಯುತ್ತದೆ. ಸಿಹಿಯ ಬದಲು ಪುಸ್ತಕ ಕೊಳ್ಳಿ, ಸೀರೆ ಕೊಳ್ಳಿ ಎಂಬ ಸಲಹೆ ಇದಕ್ಕಿಂತ ಎಷ್ಟೋ ವಾಸಿ, ಶುರುವಿನ ತಿಂಗಳುಗಳಲ್ಲಿ ಅದು ಸಹಾಯಕ್ಕೆ ಬರುತ್ತದೆ ಕೂಡ. ಆದರೆ ಮೈಯಲ್ಲೇ ಸಿಗುತ್ತಿರುವುದನ್ನು ಗಮನಿಸಲು ಕಲಿತವರಿಗೆ ಅದೂ ಬೇಕಾಗುವುದಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತುವವರನ್ನು ಬೆಳಗಿನ ಜಾವ ನೋಡಬೇಕು. ಮೊದಲೆಲ್ಲ ಮುನ್ನೂರಕ್ಕೆ ಕುಳಿತುಬಿಡುತ್ತಿದ್ದವರು ಒಂದು ದಿನ ಏಳುನೂರನೆಯ ಮೆಟ್ಟಿಲ ಹತ್ತಿರದ ನಂದಿಯವರೆಗೆ ಎಲ್ಲೂ ನಿಲ್ಲದೆ ಬಂದು, ತಮ್ಮ ಉಸಿರು ಮಾತಾಡುವಷ್ಟು ಉಳಿದಿದೆ ಎಂದು ಅರಿತು ಬೆರಗಾಗುತ್ತಾರೆ. ಕೆಳಗಿಳಿದು ಹೋಟೆಲಿನಲ್ಲಿ ಕೇಸರಿಬಾತ್ ಹೇಳುವಾಗ ಅವರು ಆಗಲೇ ಪಡೆದದ್ದನ್ನು ಮರೆತಿರುತ್ತಾರೆ.

ಡಯಟ್ ಪಟ್ಟಿ ಬರೆದುಕೊಡುವ ಆಹಾರತಜ್ಞರಲ್ಲಿ, ಜಿಮ್ಮಿನ ತರಬೇತುದಾರರಲ್ಲಿ ನನ್ನದೊಂದು ಕೋರಿಕೆಯಿದೆ. ‘ಈ ವಾರ ಗುರಿ ಮುಟ್ಟಿದರೆ ಒಂದು ಸಿಹಿ’ ಎಂಬ ಸಾಲನ್ನು ಪಟ್ಟಿಯಿಂದ ತೆಗೆದುಹಾಕಿ. ಅದರ ಜಾಗದಲ್ಲಿ ಎದುರು ಕುಳಿತವರ ಮನೆಯ ಹಬ್ಬಗಳನ್ನು ಕೇಳಿ ಬರೆದುಕೊಳ್ಳಿ: ಯುಗಾದಿಗೆ ಒಂದು ಹೋಳಿಗೆ, ಚೌತಿಗೆ ಎರಡು ಕಡುಬು, ಈದಿಗೆ ಒಂದು ಬಟ್ಟಲು ಶೀರ್ ಕುರ್ಮಾ, ಕ್ರಿಸ್‌ಮಸ್ಸಿಗೆ ಒಂದು ತುಂಡು ಕೇಕು, ಮನೆಯ ಮಗು ಪಾಸಾದ ದಿನ ಅದರ ಕೈಯಿಂದ ಒಂದು ಪೇಢೆ. ಆ ದಿನದ ತೂಕ ಎಷ್ಟಿದ್ದರೂ ಸರಿ.